ಬೆನ್ನ ಹಿಂದಿನ ನಡುಕ

"ಗುರುಗಳೇ, ಈಗ ನನಗೆ ಯಾವುದೂ ತಾಗುವುದಿಲ್ಲ. ಇದು ಸಮಚಿತ್ತವೇ?" ಎಂದು ಶಿಷ್ಯ ಕೇಳಿದ.

ಕೇಳಿದ ಎಂದೆನಷ್ಟೆ. ನಿಜ ಹೇಳಬೇಕೆಂದರೆ ಅದು ಪ್ರಶ್ನೆಯ ವೇಷದಲ್ಲಿ ಬಂದ ಸಂತೋಷ. ಹೌದು ಎಂಬ ಉತ್ತರವನ್ನು ಅವನು ಆಗಲೇ ಮನಸ್ಸಿನಲ್ಲಿ ಬರೆದುಕೊಂಡು ಬಂದಿದ್ದ. ಗುರುಗಳು ಕೆಳಗೊಂದು ರುಜು ಹಾಕಿಬಿಟ್ಟರೆ ಸಾಕಿತ್ತು.

ಶಿಷ್ಯನ ಹೆಸರು ಮರುಳಸಿದ್ದ. ಮಠಕ್ಕೆ ಬಂದ ಹೊಸದರಲ್ಲಿ ಅವನು ಇಂಥವನಾಗಿರಲಿಲ್ಲ. ದಾಸೋಹದ ಪಂಕ್ತಿಯಲ್ಲಿ ಯಾವುದೋ ಮಗು ಅತ್ತರೆ ಇವನ ಕೈಯ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಕೊಟ್ಟಿಗೆಯ ಕರು ಕುಂಟಿದರೆ ಇವನು ಮಂಕಾಗುತ್ತಿದ್ದ. ಉಳಿದ ಶಿಷ್ಯರು ಅವನನ್ನು ಕಣ್ಣೀರಯ್ಯ ಎಂದು ಕರೆದು ನಗುತ್ತಿದ್ದರು. ಬರಬರುತ್ತಾ ಅದೆಲ್ಲ ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ನಕ್ಕವರೇ ಈಗ ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು.

ಆ ಬೆಳಿಗ್ಗೆ ಅವನ ಊರಿನಿಂದ ಫೋನು ಬಂದಿತ್ತು. ಅವನ ಅಣ್ಣ ಮಾಡಿಗೆ ಹೆಂಚು ಹೊದಿಸುವಾಗ ಕಾಲು ಜಾರಿ ಬಿದ್ದಿದ್ದ. ಆಸ್ಪತ್ರೆಯಲ್ಲಿದ್ದಾನೆ, ಪ್ರಜ್ಞೆ ಇಲ್ಲ, ಕೂಡಲೇ ಬರಬೇಕು ಎಂದು ಹೇಳಿದ್ದರು. ಅಪ್ಪನಿಲ್ಲದ ಮನೆಯಲ್ಲಿ ಮರುಳಸಿದ್ದನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದವನು ಆ ಅಣ್ಣನೇ. ಸುದ್ದಿ ತಂದ ಅಡುಗೆಯವನು ಏದುಸಿರು ಬಿಡುತ್ತಿದ್ದ. ಮರುಳಸಿದ್ದ ಹೂಮಾಲೆ ಕಟ್ಟುತ್ತಿದ್ದವನು ತಲೆಯೆತ್ತಿ ಕೇಳಿಸಿಕೊಂಡ. "ಸರಿ" ಎಂದ. ಮತ್ತೆ ಕಟ್ಟತೊಡಗಿದ. ಅಡುಗೆಯವನು ಬಗ್ಗಿ ಅವನ ಕಾಲು ಮುಟ್ಟಿ ಹೋದ.

ಕಾಲು ಮುಟ್ಟಿಸಿಕೊಂಡ ಮೇಲೆ ಮರುಳಸಿದ್ದನಿಗೆ ಕೂರಲಾಗಲಿಲ್ಲ. ಮಾಲೆ ಮುಗಿಸಿ ನೇರ ಗುರುಗಳ ಬಳಿ ಬಂದ.

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡು, "ಊರಿಗೆ ಬಸ್ಸು ಎಷ್ಟು ಹೊತ್ತಿಗೆ?" ಎಂದರು.

"ಊಟದ ಹೊತ್ತಿಗೆ ಒಂದಿದೆ. ಹೋದರೂ ಸರಿ, ಬಿಟ್ಟರೂ ಸರಿ ಅನ್ನಿಸುತ್ತಿದೆ. ಅದಕ್ಕೇ ತಮ್ಮನ್ನು ಕೇಳಲು ಬಂದೆ."

"ಇನ್ನೂ ಹೊತ್ತಿದೆ. ಕೂತುಕೋ" ಎಂದು ಗುರುಗಳು ಕತೆ ಶುರುಮಾಡಿದರು.

ಗುರುಗಳಿಗೆ ಕಾರಿರಲಿಲ್ಲ. ಪೂಜೆಗೆ ಕರೆದ ಊರುಗಳಿಗೆಲ್ಲ ಭಕ್ತರ ಬೈಕಿನ ಹಿಂದೆ ಕೂತೇ ಹೋಗುತ್ತಿದ್ದರು, ಮಳೆಯಾಗಲಿ ಬಿಸಿಲಾಗಲಿ. ಹಾಗಾಗಿ ಹಿಂದೆ ಕೂರುವವರ ವಿಷಯದಲ್ಲಿ ಅವರ ಮಾತನ್ನು ನಂಬಬಹುದು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ರೇನ್‌ಕೋಟು, ಕೊಡೆ, ಜರ್ಕಿನ್ನು ಅವನ ವ್ಯಾಪಾರ. ಮಾಲಿನ ಜೊತೆಗೆ ಬುದ್ಧಿಮಾತನ್ನೂ ಕೊಡುತ್ತಿದ್ದ, ಅದಕ್ಕೆ ದುಡ್ಡಿಲ್ಲ. ಬೈಕಿನವರು ಬಂದರೆ ಅವನಿಗೆ ಹಬ್ಬ. ಮಳೆಯಲ್ಲಿ ಬೈಕು ಓಡಿಸುವವನಿಗೆ ನೀರಿಗಿಂತ ಗಾಳಿ ದೊಡ್ಡ ಶತ್ರು ಎನ್ನುತ್ತಿದ್ದ. ಅಂಗಿಯೊಳಗೆ ಎದೆಗೆ ನಾಲ್ಕು ಮಡಿಕೆ ಹಳೆಯ ಪೇಪರು ಇಟ್ಟುಕೊಳ್ಳಿ. ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಕವರು ಸುತ್ತಿ ಆಮೇಲೆ ಶೂ ಹಾಕಿ. ಕೋಟನ್ನು ಹಿಂದುಮುಂದಾಗಿ ತೊಡಿ, ಜಿಪ್ಪು ಬೆನ್ನಿನ ಕಡೆ ಇರಲಿ, ಆಗ ಎದೆಗೆ ಗಾಳಿ ನುಗ್ಗಲು ಸಂದೇ ಇರುವುದಿಲ್ಲ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಅವನ ಮಾತು ಕೇಳಿ ನೆನೆಯದೆ ಮನೆ ಸೇರಿದವರು ಎಷ್ಟೋ ಮಂದಿ.

ಒಮ್ಮೆ ಚಳಿಗಾಲದಲ್ಲಿ, ಕಾಲವಲ್ಲದ ಕಾಲದಲ್ಲಿ, ಮಳೆ ಹಿಡಿಯಿತು. ಬಿಸಿಲಿಲ್ಲ, ಗುಡುಗಿಲ್ಲ, ಸುಮ್ಮನೆ ಜಿಟಿಜಿಟಿ. ಬೆಟ್ಟದಾಚೆಯ ಊರಿನಲ್ಲಿ ಅವನ ಹೆಂಡತಿಯ ಅಕ್ಕನ ಮನೆ. ಮರುದಿನ ಅಕ್ಕನ ಮಗಳ ನಿಶ್ಚಿತಾರ್ಥ. ಹೆಂಡತಿ ಈಚೆಗಷ್ಟೇ ಜ್ವರದಿಂದ ಎದ್ದಿದ್ದಳು. ಆದರೂ ಹೋಗಲೇಬೇಕು. ತಾನೇ ಎತ್ತಿ ಆಡಿಸಿದ ಹುಡುಗಿ.

ಅಕಾಲದ ಮಳೆಯಲ್ಲಿ ಅಂಗಡಿಯ ಮಾಲೆಲ್ಲ ಖಾಲಿಯಾಗಿತ್ತು. ಹೆಂಡತಿಗೆಂದು ತೆಗೆದಿಟ್ಟಿದ್ದ ಕೋಟನ್ನೂ ಆ ಬೆಳಿಗ್ಗೆ ಒಬ್ಬ ಗಿರಾಕಿ ಕೇಳಿದ, ವ್ಯಾಪಾರಿ ಕೊಟ್ಟುಬಿಟ್ಟ. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿ ಅವನಿಗೆ ಅಭ್ಯಾಸವಿರಲಿಲ್ಲ.

ಹೊರಡುವಾಗ ಹೆಂಡತಿ ಕೇಳಿದಳು. "ಊರಿಗೆಲ್ಲ ಕೋಟು ತೊಡಿಸಿದ ಪುಣ್ಯಾತ್ಮರು ನೀವು. ನನಗೇನು, ಅಂಗಡಿಯ ಬ್ಯಾನರ್ ಹೊದಿಸ್ತೀರಾ?"

"ನೀನು ಹಿಂದೆ ಕೂರೋಳು. ನಾನೇ ನಿನಗೆ ಗೋಡೆ. ಗೋಡೆ ಮರೆಯಲ್ಲಿ ಇರೋರಿಗೆ ಕೋಟು ಯಾಕೆ ಹೇಳು?"

"ಗೋಡೆ ಸೋರದಿದ್ರೆ ಸರಿ" ಎಂದು ಅವಳು ನಕ್ಕಳು. ನಿಶ್ಚಿತಾರ್ಥಕ್ಕೆ ಉಡಬೇಕಾದ ರೇಷ್ಮೆ ಸೀರೆಯನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಾಯಿಗೆ ದಾರ ಕಟ್ಟಿ, ಮಡಿಲಲ್ಲಿಟ್ಟುಕೊಂಡಳು. ತಲೆಗೂ ಮೈಗೂ ಒಂದು ಶಾಲು ಸುತ್ತಿಕೊಂಡಳು. ವ್ಯಾಪಾರಿ ಎದೆಗೆ ಪೇಪರು ಇಟ್ಟುಕೊಂಡ, ಕಾಲಿಗೆ ಕವರು ಸುತ್ತಿಕೊಂಡ, ಕೋಟನ್ನು ಹಿಂದುಮುಂದಾಗಿ ತೊಟ್ಟ. ಬೆನ್ನಿನ ಕಡೆ ಜಿಪ್ಪು ತೆರೆದೇ ಇತ್ತು. "ಕೈ ಇದರೊಳಗೆ ಹಾಕಿಕೋ, ಬೆಚ್ಚಗಿರುತ್ತೆ" ಎಂದ. ಅವಳು ಎರಡೂ ಕೈ ಒಳಗೆ ತೂರಿಸಿ ಅವನ ಹೊಟ್ಟೆ ಬಳಸಿ ಹಿಡಿದಳು. ಹಾಗೆ ಹೊರಟರು.

ಬೆಟ್ಟದ ಬುಡದಲ್ಲಿ ರಸ್ತೆಗೆ ಮಣ್ಣು ಕುಸಿದು ದಾರಿ ಬಂದ್ ಆಗಿತ್ತು. ಬಳಸಿಕೊಂಡು ಹೋಗಬೇಕಾಯಿತು. ದಾರಿ ದುಪ್ಪಟ್ಟಾಯಿತು. ಮೇಲೇರಿದಂತೆ ಗಾಳಿ ಜೋರಾಯಿತು.

ಅವಳು ನಡುಗತೊಡಗಿದಳು. ಅದು ವ್ಯಾಪಾರಿಗೆ ಕೇಳಿಸುತ್ತಿತ್ತು. ಹೇಗೆ ಎಂದರೆ, ಅವಳ ಕೈಗಳು ನಡುಗಿದಾಗಲೆಲ್ಲ ಅಂಗಿಯೊಳಗಿನ ಪೇಪರು ಸರಸರ ಎನ್ನುತ್ತಿತ್ತು. ಆ ಸದ್ದು ಕೇಳಿ ಅವನಿಗೆ ಸಂಕಟವಾಗುತ್ತಿತ್ತು. ಕಟುಕನಲ್ಲ ಅವನು. ಹೆಂಡತಿಯ ಮೇಲೆ ಪ್ರೀತಿ ಇದ್ದವನು. ತಿರುವಿಗೊಮ್ಮೆ, "ಚಳಿಯಾ?" ಎಂದು ಕೇಳುತ್ತಿದ್ದ. "ಸ್ವಲ್ಪ" ಎನ್ನುತ್ತಿದ್ದಳು.

ಒಂದು ಕಡೆ ಚಹಾದಂಗಡಿ ಕಂಡಿತು. ಒಲೆ ಉರಿಯುತ್ತಿತ್ತು. "ಒಂದು ಗಳಿಗೆ ನಿಲ್ಸಿ, ಒಲೆ ಮುಂದೆ ಕೂತು ಹೋಗೋಣ" ಎಂದಳು. ಇಳಿದು ಮತ್ತೆ ಹತ್ತಿದರೆ ಚಳಿ ಇಮ್ಮಡಿಯಾಗುತ್ತದೆ, ಕತ್ತಲಾಗುವ ಮೊದಲು ಇಳಿಜಾರು ದಾಟಬೇಕು ಎಂದು ಅವನು ನಿಲ್ಲಿಸಲಿಲ್ಲ. ಗಿರಾಕಿಗಳಿಗೂ ಅವನು ಅದನ್ನೇ ಹೇಳುತ್ತಿದ್ದ. ಅವಳು ಮತ್ತೆ ಕೇಳಲಿಲ್ಲ. ಪೇಪರು ಮಾತ್ರ ಸರಸರ ಎನ್ನುತ್ತಲೇ ಇತ್ತು. ಅವನು ಇನ್ನಷ್ಟು ಬಾಗಿ, ಭುಜ ಅಗಲಿಸಿ, ಗಾಳಿಗೆ ಎದೆಯೊಡ್ಡಿ ಓಡಿಸಿದ.

ಬೆಟ್ಟದ ನೆತ್ತಿ ದಾಟಿದ ಮೇಲೆ ಪೇಪರಿನ ಸದ್ದು ನಿಂತಿತು.

ವ್ಯಾಪಾರಿ ಕಿವಿಗೊಟ್ಟ. ಇಲ್ಲ, ನಿಂತಿದೆ. ಅವನ ಮನಸ್ಸಿನ ಮೇಲಿದ್ದ ಭಾರ ಇಳಿಯಿತು. "ಈಗ ಹೇಗಿದೆ?" ಎಂದ. ಬಹಳ ಹೊತ್ತಿನ ಮೇಲೆ ಹಿಂದಿನಿಂದ ಉತ್ತರ ಬಂತು.

"ಸೆಕೆ ಆಗ್ತಿದೆ ರೀ. ಈ ಶಾಲು ಬೇಡ."

ಅವನು ಬೈಕು ನಿಲ್ಲಿಸಿ ತಿರುಗಿ ನೋಡಿದ. ಅವಳು ಕೈ ಹೊರಗೆ ತೆಗೆದು ಶಾಲನ್ನು ಕಿತ್ತು ಮಡಿಲಿಗೆ ಹಾಕಿಕೊಂಡಿದ್ದಳು. ಮಳೆ ನೆತ್ತಿಯ ಮೇಲೇ ಬೀಳುತ್ತಿತ್ತು. ಅವಳು ನಡುಗುತ್ತಿರಲಿಲ್ಲ. ನಿದ್ದೆ ತೂಗುವ ಮಗುವಿನಂತೆ ಕಣ್ಣು ಅರೆ ಮುಚ್ಚಿದ್ದಳು. ಮಾತು ತೊದಲುತ್ತಿತ್ತು.

ವ್ಯಾಪಾರಿ ನಕ್ಕ. ಸಂತೋಷದ ನಗೆ. "ನೋಡಿದ್ಯಾ? ಗೋಡೆ ಅಂದಿದ್ದೆನಲ್ಲ" ಎಂದ. ನಿದ್ದೆಗಣ್ಣಲ್ಲಿ ಬಿದ್ದಾಳು ಎಂದು, ಬೈಕಿನ ಮೇಲೆ ಮಕ್ಕಳನ್ನು ಕಟ್ಟಿಕೊಳ್ಳುವ ಹಾಗೆ, ಅದೇ ಶಾಲಿನಿಂದ ತನ್ನ ಸೊಂಟಕ್ಕೂ ಅವಳ ಬೆನ್ನಿಗೂ ಬಿಗಿಯಾಗಿ ಸುತ್ತಿ ಗಂಟು ಹಾಕಿದ. ಅವಳ ತಲೆ ಅವನ ಬೆನ್ನಿಗೆ ಒರಗಿತು. ನಿದ್ದೆ ಕೆಡದಿರಲೆಂದು ಗುಂಡಿಗಳನ್ನು ತಪ್ಪಿಸಿ ನಿಧಾನವಾಗಿ ಓಡಿಸಿದ. ದಾರಿಯುದ್ದಕ್ಕೂ ಏನೋ ಗುನುಗುತ್ತಿದ್ದ. ಇದನ್ನು ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಗೆ ಹೇಳಬೇಕು ಎಂದೂ ಯೋಚಿಸಿಟ್ಟುಕೊಂಡ. ಅಂಥ ಮಳೆ, ಅಂಥ ಗಾಳಿ, ನನ್ನ ಹಿಂದೆ ಕೂತವಳಿಗೆ ಸೆಕೆ.

ಅಕ್ಕನ ಮನೆಯ ಮುಂದೆ ಚಪ್ಪರ ಹಾಕಿದ್ದರು. ಬೈಕಿನ ಸದ್ದು ಕೇಳಿ ಅಕ್ಕ ಟವೆಲ್ಲು ಹಿಡಿದು ಹೊರಗೆ ಬಂದಳು. "ಬಾರೇ, ಇಳಿ. ಏನು ರಾಣಿ ಹಾಗೆ ಕೂತಿದ್ದೀಯಲ್ಲ?" ಎಂದಳು.

ವ್ಯಾಪಾರಿ ತುಟಿಯ ಮೇಲೆ ಬೆರಳಿಟ್ಟ. "ಮಲಗಿದ್ದಾಳೆ. ಮೆಲ್ಲಗೆ ಎಬ್ಬಿಸಿ."

ಅಕ್ಕ ತಂಗಿಯ ಕೆನ್ನೆ ಮುಟ್ಟಿದಳು. ಮುಟ್ಟಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ನೀರು ಕುಡಿದ ಶಾಲಿನ ಗಂಟು ಬಿಚ್ಚಲು ಬರಲಿಲ್ಲ. ಕತ್ತರಿಯಿಂದ ಕತ್ತರಿಸಿದರು. ಅವಳು ಚೀಲ ಜಾರಿದಂತೆ ಪಕ್ಕಕ್ಕೆ ಜಾರಿದಳು. ನಿಶ್ಚಿತಾರ್ಥಕ್ಕೆಂದು ಬಂದಿದ್ದ ಜೀಪಿನಲ್ಲೇ ಮಲಗಿಸಿ ಆಸ್ಪತ್ರೆಗೆ ಓಡಿದರು.

ವೈದ್ಯರು ನಾಡಿ ಹುಡುಕಿದರು. ಅವಳ ರೆಪ್ಪೆ ಬಿಡಿಸಿ ನೋಡಿದರು. ಕಂಬಳಿ ತರಿಸಿದರು, ಬಿಸಿನೀರಿನ ಚೀಲ ತರಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

"ನಡುಕ ನಿಂತದ್ದು ಯಾವಾಗ?"

"ಆಗಲೇ ನಿಂತಿತು ಸಾರ್" ಎಂದ ವ್ಯಾಪಾರಿ. ಆಗಲೂ ಅವನ ದನಿಯಲ್ಲಿ ಧೈರ್ಯವಿತ್ತು. "ಬೆಟ್ಟದ ಮೇಲೇ ನಿಂತಿತು. ಬೆಚ್ಚಗಾಗಿದ್ದಳು. ಸೆಕೆ ಅಂತಲೂ ಅಂದಳು."

ವೈದ್ಯರು ಕೈಯಲ್ಲಿದ್ದುದನ್ನು ಕೆಳಗಿಟ್ಟು ಅವನನ್ನೇ ನೋಡಿದರು. "ನಡುಗುವುದು ಎಂದರೆ ಮೈ ಚಳಿಯ ಜೊತೆ ಹೊಡೆದಾಡುವುದು. ಅದರ ಶಕ್ತಿ ಮುಗಿದಾಗ ನಡುಕ ನಿಲ್ಲುತ್ತದೆ. ಆಮೇಲೆ ಮೈಗೆ ಚಳಿ ಯಾವುದು, ಸೆಕೆ ಯಾವುದು ಗೊತ್ತಾಗುವುದಿಲ್ಲ" ಎಂದರು.

ವ್ಯಾಪಾರಿ ಗೋಡೆಗೆ ಒರಗಿ ನಿಂತ. ಒರಗಿದಾಗ ಅವನಿಗೆ ಒಂದು ವಿಷಯ ಗೊತ್ತಾಯಿತು. ಅವನ ಕೋಟಿನ ಬೆನ್ನು ಇಡೀ ದಾರಿ ತೆರೆದೇ ಇತ್ತು. ಆದರೂ ಅವನ ಬೆನ್ನಿಗೆ ಮಳೆ ಬಡಿದಿರಲಿಲ್ಲ. ಹಿಂದಿನಿಂದ ಬಡಿದ ಮಳೆಯನ್ನೆಲ್ಲ ತಡೆದವಳು ಅವಳು. ಗೋಡೆಯಾಗಿದ್ದವಳು ಅವಳು.

ಅವಳು ಬೆಳಗನ್ನು ನೋಡಲಿಲ್ಲ. ಅಕ್ಕ ಆ ಪ್ಲಾಸ್ಟಿಕ್ ಕವರನ್ನು ಬಿಚ್ಚಿದಾಗ ರೇಷ್ಮೆ ಸೀರೆಗೆ ಒಂದು ಹನಿಯೂ ತಾಗಿರಲಿಲ್ಲ. ಅದನ್ನೇ ಹೊದಿಸಿದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕತೆಗೆ ಬಾಲ ಕಟ್ಟುವ ಅಭ್ಯಾಸ ಅವರಿಗಿರಲಿಲ್ಲ. ಅಡುಗೆಮನೆಯ ಕಡೆಯಿಂದ ತಟ್ಟೆಗಳ ಸದ್ದು ಕೇಳಿಸುತ್ತಿತ್ತು. ಊಟದ ಹೊತ್ತು ಸಮೀಪಿಸಿತ್ತು.

ಮರುಳಸಿದ್ದ ಇಂಥ ಕತೆಯನ್ನು ನಿರೀಕ್ಷಿಸಿರಲಿಲ್ಲ. ಆ ಶಾಲಿನ ಗಂಟು ಅವನ ಕಣ್ಣಿನಿಂದ ಹೋಗುತ್ತಿರಲಿಲ್ಲ. ಕೊನೆಗೆ ಆ ವ್ಯಾಪಾರಿಯ ಪರವಾಗಿ ತಾನೇ ವಾದಿಸುವವನಂತೆ ಹೇಳಿದ.

"ಅವನ ತಪ್ಪೇನಿದೆ ಗುರುಗಳೇ? ಅವಳು ನಡುಗುತ್ತಿದ್ದಾಗ ಇವನಿಗೂ ಸಂಕಟವಾಗುತ್ತಿತ್ತು. ನಡುಕ ನಿಂತಾಗ, ಸದ್ಯ ಬೆಚ್ಚಗಾದಳು ಅಂದುಕೊಂಡ. ಪಾಪ, ಸಂತೋಷಪಟ್ಟ."

"ಹೌದು, ಸಂತೋಷಪಟ್ಟ" ಎಂದರು ಗುರುಗಳು.

ಹೊರಗೆ ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಮರುಳಸಿದ್ದ ಅತ್ತ ತಿರುಗಲಿಲ್ಲ. ಗುರುಗಳು ಅವನನ್ನೇ ನೋಡುತ್ತಾ, ವೈದ್ಯರು ಕೇಳಿದಷ್ಟೇ ಮೆಲ್ಲಗೆ ಕೇಳಿದರು.

"ನಿನ್ನ ನಡುಕ ನಿಂತದ್ದು ಯಾವಾಗ?"