ಪೆಟ್ಟಿಗೆಯೊಳಗಿನ ಹಡಗು

ವಾರಿಜಾ ಟೀಚರ್ ಕಪಾಟಿನಲ್ಲಿ ಒಂದು ಆಟಿಕೆ ಹಡಗಿತ್ತು. ಹಡಗೆಂದರೆ ಇನ್ನೂ ಹಡಗಾಗಿರಲಿಲ್ಲ. ಜೋಡಿಸಬೇಕಾದ ನಾನೂರು ತುಂಡುಗಳಾಗಿ ಪೆಟ್ಟಿಗೆಯಲ್ಲಿ ಮಲಗಿತ್ತು. ಎರಡು ವರ್ಷದ ಹಿಂದೆ ಟೀಚರ್ ಅದನ್ನು ಒಮ್ಮೆ ತೆರೆದು ನೋಡಿ ಮತ್ತೆ ಮುಚ್ಚಿಟ್ಟಿದ್ದರು. ಆಮೇಲೆ ಒಂದು ವಿಮಾನ, ಎರಡು ಜೀಪು, ಒಂದು ರೈಲು ಎಂಜಿನ್ನು ಜೋಡಿಸಿ ಮುಗಿಸಿದರು. ತನ್ನನ್ನು ಮಾತ್ರ ಏಕೆ ಮುಟ್ಟುತ್ತಿಲ್ಲವೆಂದು ಹಡಗಿಗೆ ಸೋಜಿಗ.

ಕೊನೆಗೆ ಅದು ಪೆಟ್ಟಿಗೆಯ ಸಂದಿನಿಂದ ಇಣುಕಿ ಪಕ್ಕದ ವಿಮಾನವನ್ನೇ ಕೇಳಿತು: "ಅಣ್ಣಾ, ನಿನ್ನ ರೆಕ್ಕೆ ಸೊಟ್ಟ, ಮೈತುಂಬ ಅಂಟಿನ ಕಲೆ. ನಿನ್ನನ್ನು ಮಾಡಿದವರು ನನ್ನನ್ನೇಕೆ ಬಿಟ್ಟರು?"

ವಿಮಾನ ಬೇಸರಿಸಿಕೊಳ್ಳಲಿಲ್ಲ. "'ಈ ಕೈಯಲ್ಲಿ ಹಡಗು ಮುಟ್ಟಿದರೆ ಕೆಟ್ಟೇ ಹೋಗುತ್ತೆ, ಮೊದಲು ಕಲೀತೀನಿ' ಅನ್ನುತ್ತಲೇ ಅವರು ನನ್ನನ್ನು ಜೋಡಿಸಿದ್ದು. ಅಂಟು ಒಣಗುವ ಮೊದಲೇ ಕೈ ತೆಗೆದರು, ರೆಕ್ಕೆ ಜಾರಿತು."

"ಅಂದರೆ ಈ ಸೊಟ್ಟ..."

"ನಿನಗೆ ಬರಬೇಕಿತ್ತು, ತಮ್ಮಾ."



ಮುಂದಿನ ಭಾನುವಾರ ಬೆಳಿಗ್ಗೆ ಟೀಚರ್ ಪೆಟ್ಟಿಗೆ ತೆರೆದರು. ಮೊದಲ ಎರಡು ತುಂಡುಗಳನ್ನು ಅಂಟಿಸಿ, ಒಣಗುವವರೆಗೂ ಬೆರಳು ಸಡಿಲಿಸದೆ ಹಿಡಿದು ಕೂತರು. ಕೆಲಸ ತಿಂಗಳುಗಟ್ಟಲೆ ನಡೆಯಿತು. ಒಮ್ಮೆ ಹಾಯಿಕಂಬ ಕೂದಲೆಳೆಯಷ್ಟು ವಾಲಿದ್ದು ಕಂಡು, ಟೀಚರ್ ನಿಟ್ಟುಸಿರಿಟ್ಟು ವಾರದ ಕೆಲಸವನ್ನೆಲ್ಲ ಬಿಚ್ಚತೊಡಗಿದರು. ಮೊದಲಿನ ಹಡಗಾಗಿದ್ದರೆ ಗೊಣಗುತ್ತಿತ್ತು.

"ನಿಧಾನವಾಗಿ ಬಿಚ್ಚಿ ಟೀಚರ್," ಎಂದಿತು ಅದು. "ನನಗೇನೂ ಅವಸರವಿಲ್ಲ."