ಮಾನಿಟರ್ ಕಾದ ಕಿಂಡಿ

ಫಿಲೋಮಿನಾ ಅವರ ಫೋಟೊ ಸ್ಟುಡಿಯೋದಲ್ಲಿ ಒಂದು ಮಾನಿಟರ್ ಇತ್ತು. ಅದರ ಬೆನ್ನಿಗೆ ವೈರು ಚುಚ್ಚುವ ಎರಡು ಕಿಂಡಿಗಳು. ಹಳೆಯ ಕಂಪ್ಯೂಟರ್ ಎಡಗಿಂಡಿಯಿಂದಲೇ ಚಿತ್ರ ಕಳಿಸುತ್ತಿತ್ತು. ಅದು ಕೆಟ್ಟು ಮೂಲೆ ಸೇರಿದ ಮೇಲೂ ಮಾನಿಟರ್ ಆ ಕಿಂಡಿಯನ್ನೇ ಕಾಯುತ್ತಾ ಕೂತಿತು.

ಫಿಲೋಮಿನಾ ಹೊಸ ಲ್ಯಾಪ್‌ಟಾಪನ್ನು ಬಲಗಿಂಡಿಗೆ ಜೋಡಿಸಿದರು.

"ಅಣ್ಣಾ, ಬಂದಿದ್ದೇನೆ. ಇತ್ತ ನೋಡು," ಎಂದಿತು ಲ್ಯಾಪ್‌ಟಾಪ್.

"ಸಿಗ್ನಲ್ ಇಲ್ಲ," ಎಂದಿತು ಮಾನಿಟರ್. "ನನ್ನ ಗೆಳೆಯ ಬರುವುದು ಎಡಗಡೆಯಿಂದ."

"ಅವನು ಹೋಗಿಬಿಟ್ಟನಲ್ಲ."

"ಹಾಗಾದರೆ ನನಗೆ ಕತ್ತಲೆಯೇ ಇರಲಿ. ಕಂಡಕಂಡವರಿಗೆ ಮುಖ ಕೊಡುವವನಲ್ಲ ನಾನು."

ಫಿಲೋಮಿನಾ ವೈರು ಬಿಚ್ಚಿ ಮತ್ತೆ ಚುಚ್ಚಿದರು, ಬೇರೆ ವೈರನ್ನೂ ತಂದರು. ಪರದೆ ಕಪ್ಪಾಗಿಯೇ ಇತ್ತು.

"ಇನ್ನು ಇದನ್ನು ಗುಜರಿಗೇ ಹಾಕಬೇಕು," ಎಂದರು. ಆದರೂ ಇಷ್ಟು ಕಾಲ ದುಡಿದಿದೆಯಲ್ಲ ಎಂದು ಕಡೆಯ ಬಾರಿಗೆ ಅದರ ಧೂಳು ಒರೆಸತೊಡಗಿದರು. ಒರೆಸುವ ಬಟ್ಟೆಯಡಿಯಲ್ಲಿ, ಕಿಂಡಿ ಬದಲಿಸುವ ಗುಂಡಿ ಒತ್ತಿಹೋಯಿತು. ಮಾನಿಟರ್ ಒಲ್ಲದ ಮನಸ್ಸಿನಿಂದ ಬಲಕ್ಕೆ ತಿರುಗಿತು.

ಮದುವಣಗಿತ್ತಿಯರು, ತೊಟ್ಟಿಲ ಕೂಸುಗಳು, ಹಲ್ಲಿಲ್ಲದ ಅಜ್ಜಂದಿರು ಪರದೆಯ ತುಂಬ ಬಂದು ನಿಂತರು.

"ಇವೆಲ್ಲ ಅವನ ಚಿತ್ರಗಳು!" ಎಂದಿತು ಮಾನಿಟರ್.

"ಹೌದಣ್ಣ. ಹೋಗುವ ಮುಂಚೆ ನನ್ನ ಕೈಗೆ ಒಪ್ಪಿಸಿದ," ಎಂದಿತು ಲ್ಯಾಪ್‌ಟಾಪ್. "ಬೆಳಗಿನಿಂದ ಇವನ್ನೇ ಹೊತ್ತು ನಿನ್ನ ಬಾಗಿಲಲ್ಲಿ ನಿಂತಿದ್ದೇನೆ."