ಎಲೆ ಮುಂದಿನಿಂದ ಏಳದ ಪಾಚಿ

ಲೋಕ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದೆಂದರೆ, ನದಿಗಳಿಗೆ ಯಾವ ಕಡೆ ಹರಿಯಬೇಕೆಂದು ಇನ್ನೂ ಗೊತ್ತಾಗಿರಲಿಲ್ಲ. ಒಂದು ದಿನ ಮೂಡಣಕ್ಕೆ ಹರಿದರೆ ಮರುದಿನ ಪಡುವಣಕ್ಕೆ ಹರಿಯುತ್ತಿದ್ದವು. ಹಸು ಕಾಡಿನಲ್ಲೇ ಇತ್ತು, ಕೊಟ್ಟಿಗೆ ಎಂದರೇನೆಂದು ಅದಕ್ಕೆ ತಿಳಿದಿರಲಿಲ್ಲ. ಮರ, ಮಳೆ, ಕಲ್ಲು ಎಲ್ಲಕ್ಕೂ ಮಾತು ಬರುತ್ತಿತ್ತು. ಮಾತು ಬಂದ ಮೇಲೆ ಕೇಳಬೇಕೆ, ಜಗಳವೂ ಬರುತ್ತಿತ್ತು.

ಆ ಕಾಲದಲ್ಲಿ ಭೂತಾಯಿ ಎಲ್ಲ ಜೀವಿಗಳಿಗೂ ಒಂದೇ ಒಂದು ಕಟ್ಟಳೆ ಹಾಕಿದ್ದಳು. ಉಣ್ಣಲು ಕೂತವರನ್ನು ಎಬ್ಬಿಸಬಾರದು. ಹುಲಿ ಕೂಡ ಮೇಯುತ್ತಿರುವ ಜಿಂಕೆಯ ಮೇಲೆ ಹಾರುತ್ತಿರಲಿಲ್ಲ. ಜಿಂಕೆ ಹೊಟ್ಟೆ ತುಂಬಿ ತಲೆಯೆತ್ತುವವರೆಗೂ ಪೊದೆಯ ಹಿಂದೆ ಹಲ್ಲು ಕಡಿಯುತ್ತಾ ಕಾಯುತ್ತಿತ್ತು.

ಒಂದು ಗುಡ್ಡದ ಬುಡದಲ್ಲಿ ಮುದ್ದವ್ವ ಎಂಬ ಹೆಂಗಸಿದ್ದಳು. ಹೆಸರಿಟ್ಟವರು ಅವಳ ಬಾಯಿ ಕೇಳುವ ಮೊದಲೇ ಹೆಸರಿಟ್ಟುಬಿಟ್ಟಿದ್ದರು, ಪಾಪ. ಸಿಟ್ಟು ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೆಳಿಗ್ಗೆ ಎದ್ದವಳೇ ತಡವಾಗಿ ಬಂದೆಯೆಂದು ಸೂರ್ಯನನ್ನು ಬೈಯುತ್ತಿದ್ದಳು. ಮಧ್ಯಾಹ್ನ, ಇನ್ನೂ ಹೋಗಲಿಲ್ಲವೇ ಎಂದು ಮತ್ತೆ ಅವನನ್ನೇ ಬೈಯುತ್ತಿದ್ದಳು. ಗಾಳಿಯಂತೂ ಅವಳ ಮನೆ ಹತ್ತಿರ ಬಂದಾಗ ಸದ್ದು ಮಾಡದೆ ಸುತ್ತು ಹಾಕಿಕೊಂಡು ಹೋಗುತ್ತಿತ್ತು.

ಆದರೆ ಅವಳ ಕೈತೋಟ ನೋಡಬೇಕಿತ್ತು. ದಾಸವಾಳ, ಕಾಕಡ, ನಂದಿಬಟ್ಟಲು, ಎಲ್ಲವೂ ಅವಳು ನೆಟ್ಟದ್ದು. ಮನೆ ಬಾಗಿಲಿನಿಂದ ತೋಟದ ಆಚೆಯ ಒರತೆಯವರೆಗೆ ಚಪ್ಪಡಿ ಕಲ್ಲು ಹಾಸಿದ ಕಾಲುಹಾದಿ. ಒಂದೊಂದು ಕಲ್ಲನ್ನೂ ಗುಡ್ಡದ ಮೇಲಿನಿಂದ ಅವಳೇ ತಲೆಯ ಮೇಲೆ ಹೊತ್ತು ತಂದಿದ್ದಳು. ಬಿಸಿಲಿಗೆ ಕಲ್ಲು ಕಾದು ಅಂಗಾಲು ಸುಡುತ್ತದೆಂದು ಹಾದಿಯ ಪಕ್ಕ ಒಂದು ಹೊಂಗೆ ಮರ ಬೆಳೆಸಿದ್ದಳು. ಅದು ಹಾದಿಗೆ ಉದ್ದಕ್ಕೂ ನೆರಳು ಹಿಡಿದಿತ್ತು.

ದಿನಾ ಬೆಳಿಗ್ಗೆ ಮುದ್ದವ್ವ ಅಕ್ಕಿ ತೊಳೆಯುತ್ತಿದ್ದಳು. ಅಕ್ಕಿ ತೊಳೆದ ಬಿಳಿ ನೀರಿಗೆ ಅಕ್ಕಚ್ಚು ಅನ್ನುತ್ತಾರಲ್ಲ, ಅದನ್ನು ಕುಡಿಯಲು ಅವಳ ಮನೆಯಲ್ಲಿ ಹಸುವಿರಲಿಲ್ಲ. ಅನ್ನದ ಸತ್ವ ಇರುವ ನೀರು, ಕಂಡಕಂಡಲ್ಲಿ ಚೆಲ್ಲಿದರೆ ಪಾಪ. ಅದಕ್ಕೆ ಅವಳು ಆ ನೀರಿನಲ್ಲೇ ಹಾದಿಯ ಕಲ್ಲುಗಳನ್ನು ತೊಳೆಯುತ್ತಿದ್ದಳು. ಕಲ್ಲು ಫಳಫಳ ಹೊಳೆಯುತ್ತಿದ್ದವು, ಮುದ್ದವ್ವನಿಗೆ ಅದೊಂದೇ ಖುಷಿ.

ಆಗ ಪಾಚಿ ಒರತೆಯ ಅಂಚಿನಲ್ಲಿ ಬಡಕಲಾಗಿ ಬಿದ್ದಿತ್ತು. ಭೂತಾಯಿ ಬೇರು ಹಂಚಿದಾಗ ಆಲ, ಅರಳಿ, ಹುಣಸೆಗಳೆಲ್ಲ ನೂಕಿಕೊಂಡು ಹೋಗಿ ಬಾಚಿಕೊಂಡಿದ್ದವು. ಪಾಚಿ ಹಿಂದೆ ನಿಂತು ನಿಂತು, ಅದರ ಸರದಿ ಬಂದಾಗ ಬೇರೇ ಮುಗಿದಿತ್ತು. ಬೇರಿಲ್ಲದವರಿಗೆ ಮಣ್ಣು ಯಾರು ಕೊಡುತ್ತಾರೆ? ಒಂದು ದಿನ ಹಾದಿ ತೊಳೆದ ಅಕ್ಕಚ್ಚು ಕಲ್ಲಿನಿಂದ ಕಲ್ಲಿಗೆ ಇಳಿದು ಒರತೆಯ ಅಂಚಿಗೂ ಬಂತು. ಪಾಚಿ ನೆಕ್ಕಿ ನೋಡಿತು. ಹುಟ್ಟಿದಾಗಿನಿಂದ ಅದಕ್ಕೆ ಯಾರೂ ಬಡಿಸಿರಲಿಲ್ಲ. ಇದು ನನಗೇ ಬಡಿಸಿದ್ದು ಅಂದುಕೊಂಡಿತು.

ಒಂದೊಂದೇ ಕಲ್ಲು ಹತ್ತಿ ಪಾಚಿ ಮೇಲೆ ಬಂತು. ನೆರಳಿತ್ತು, ತೇವವಿತ್ತು, ಬೆಳಗಾದರೆ ಊಟ ತಾನಾಗಿ ಬರುತ್ತಿತ್ತು. ಅದು ಕಲ್ಲಿನ ಬೆನ್ನ ಮೇಲೆ ಹಸಿರಾಗಿ, ಮೆತ್ತಗೆ ಉಣ್ಣುತ್ತಾ ಕೂತಿತು. ಮುದ್ದವ್ವ ನೋಡಲೇ ಇಲ್ಲ. ಯಾರನ್ನು ಬೈಯಲಿ ಎಂದು ಸದಾ ಕತ್ತೆತ್ತಿ ನಡೆಯುವವಳಿಗೆ ಕಾಲಬುಡ ಎಲ್ಲಿ ಕಾಣುತ್ತದೆ?

ಹಾಗಿರುವಾಗ ಮಗಳು ಹೊನ್ನಿ ಹೆರಿಗೆಗೆಂದು ತವರಿಗೆ ಬಂದಳು. ಮುದ್ದವ್ವನಿಗೆ ಇದ್ದವಳು ಅವಳೊಬ್ಬಳೇ. ಹಿಂದಿನ ಸಲ ಹೊನ್ನಿಗೆ ಬಸಿರು ನಿಂತಿರಲಿಲ್ಲ. ಈ ಸಲ ದಿನ ಹತ್ತಿರವಾಗಿತ್ತು. ಮುದ್ದವ್ವನ ಜೀವವೆಲ್ಲ ಮಗಳ ಹೊಟ್ಟೆಯ ಮೇಲೇ ಇತ್ತು. ಮಗಳು ಎದ್ದರೆ ಬೈಗುಳ, ಕೂತರೆ ಬೈಗುಳ. ಅದೇ ಅವಳ ಪ್ರೀತಿ, ಬೇರೆ ಥರ ಅವಳಿಗೆ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವ್ವ ಕಾಣದಿದ್ದಾಗ ಹೊನ್ನಿ ಸಣ್ಣ ಮಡಕೆ ಹಿಡಿದು ಒರತೆಗೆ ಹೊರಟಳು. ಹೊಂಗೆಯ ನೆರಳಿನಲ್ಲಿ ಕಾಲು ಜಾರಿತು. ಮಡಕೆ ಒಡೆದ ಸದ್ದಿಗೆ ಮುದ್ದವ್ವ ಓಡಿ ಬಂದಳು. ಮಗಳು ಕಲ್ಲಿನ ಮೇಲೆ ಕೂತು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು.

ಮಗು ಅಲುಗುತ್ತಿಲ್ಲ ಅಂದಳು ಹೊನ್ನಿ. ಮುದ್ದವ್ವ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಳು. ಸೂರ್ಯ ಹೊಂಗೆಯ ನೆತ್ತಿಗೇರಿದ ಮೇಲೆ ಒಳಗಿನಿಂದ ಒಂದು ಸಣ್ಣ ಒದೆ ಬಂತು. ಅವಳ ಹೆದರಿಕೆಯೆಲ್ಲ ಆ ಕ್ಷಣವೇ ಸಿಟ್ಟಾಯಿತು.

ಮಗಳನ್ನು ಒಳಗೆ ಮಲಗಿಸಿ ಬಂದು ಮುದ್ದವ್ವ ಮೊದಲ ಸಲ ಬಗ್ಗಿ ನೋಡಿದಳು. ಹಾದಿಯ ತುಂಬ ಹಸಿರು.

"ಯಾರ್ ಕರೆದಿದ್ರು ನಿನ್ನ?" ಅಂದಳು.

"ಉಣ್ತಾ ಇದೀನಿ ಕಣವ್ವ," ಅಂದಿತು ಪಾಚಿ. ಅದರ ದನಿ ಬಹಳ ಮೆಲ್ಲಗಿತ್ತು. ಸಿಟ್ಟಿನ ಕಿವಿಗೆ ಅಷ್ಟು ಮೆಲ್ಲಗಿನ ಮಾತು ಹೋಗುವುದಿಲ್ಲ.

ಮುದ್ದವ್ವ ಹಂಡೆಯಲ್ಲಿ ಕುದಿಯುತ್ತಿದ್ದ ನೀರು ತಂದು ಸುರಿದಳು. ಒಲೆಯ ಬೂದಿ ಎರಚಿದಳು. ತೆಂಗಿನ ನಾರಿನಿಂದ ಉಜ್ಜಿದಳು, ಕರಟದಿಂದ ಕೆರೆದಳು. ಕೆರೆದದ್ದನ್ನೆಲ್ಲ ಹಿಡಿ ಹಿಡಿಯಾಗಿ ಬಾಚಿ, ಹಾಳಾಗಿ ಹೋಗು ಎಂದು ಕಂಡಕಂಡ ಕಡೆ ಬೀಸಿ ಒಗೆದಳು. ಒಂದು ಹಿಡಿ ಗೋಡೆಗೆ ಬಡಿಯಿತು, ಒಂದು ಹಿಡಿ ಮರದ ಬುಡಕ್ಕೆ, ಒಂದು ಹಿಡಿ ಒರತೆಯ ಕಟ್ಟೆಗೆ. ಕೈ ಸೋತ ಮೇಲೆ ಹಾದಿ ಚೊಕ್ಕಟವಾಯಿತೆಂದು ಉಸಿರುಬಿಟ್ಟಳು. ಮರುದಿನ ಬೆಳಿಗ್ಗೆ ಎದ್ದು ಎಂದಿನಂತೆ ಅಕ್ಕಚ್ಚು ಸುರಿದು ತೊಳೆದಳು.

ಪಾಚಿ ಮತ್ತೆ ಬಂತು. ಮತ್ತೆ ಕೆರೆದಳು, ಮತ್ತೆ ಒಗೆದಳು, ಮತ್ತೆ ತೊಳೆದಳು. ಮತ್ತೆ ಬಂತು. ಈಗ ಅದು ಹಾದಿಯಲ್ಲಷ್ಟೇ ಅಲ್ಲ, ಗೋಡೆಯಲ್ಲೂ ಇತ್ತು, ಮರದ ಬುಡದಲ್ಲೂ ಇತ್ತು, ಒರತೆಯ ಕಟ್ಟೆಯಲ್ಲೂ ಇತ್ತು. ಅದರ ಮೆತ್ತಗಿನ ದನಿಯೂ ಹೋಗಿತ್ತು. ಬೆಂದ ಮೈ, ಕೆರೆದ ಮೈ, ಅದಕ್ಕೂ ರೋಷ ಬಂದಿತ್ತು. ಕಲ್ಲನ್ನು ಕಚ್ಚಿ ಹಿಡಿದು ಕೂತಿತ್ತು.

ಮುದ್ದವ್ವ ಸೂರ್ಯನನ್ನು ಕೂಗಿ ಇದನ್ನು ಸುಟ್ಟು ಹಾಕು ಅಂದಳು. ನಿನ್ನ ಹೊಂಗೆ ಮರ ನನ್ನನ್ನು ಒಳಗೆ ಬಿಟ್ಟರೆ ತಾನೇ, ಅಂದ ಸೂರ್ಯ. ದಿನಾ ಬೈಸಿಕೊಂಡವನು, ಅವನಿಗೇನು ಮರುಕ. ಗಾಳಿಯನ್ನು ಕರೆದಳು, ಅದು ಕೇಳಿಸಲೇ ಇಲ್ಲವೆಂಬಂತೆ ಗುಡ್ಡದ ಆಚೆ ಹೋಯಿತು. ಕೊನೆಗೆ ಹಾದಿಯ ನಡುವೆ ನಿಂತು ಹಿಮ್ಮಡಿಯಿಂದ ನೆಲವನ್ನೇ ಗುದ್ದಿದಳು. ಮಲಗಿದ್ದ ಭೂತಾಯಿ ಎದ್ದಳು. ನಿದ್ದೆ ಕೆಟ್ಟ ಸಿಟ್ಟು ಅವಳಿಗೂ ಇತ್ತು.

ಮುದ್ದವ್ವ ತನ್ನ ದೂರನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಕಳ್ಳತನದಲ್ಲಿ ಬಂದು ಕೂತಿದೆ, ಮಗಳನ್ನು ಬೀಳಿಸಿದೆ, ಇದನ್ನು ಈ ಲೋಕದಿಂದಲೇ ಕಿತ್ತು ಹಾಕು ಅಂದಳು. ಪಾಚಿಯೂ ಸುಮ್ಮನಿರಲಿಲ್ಲ. ಉಣ್ಣುವಾಗ ನನ್ನ ಮೇಲೆ ಕುದಿಯುವ ನೀರು ಸುರಿದಳು, ನಿನ್ನ ಕಟ್ಟಳೆ ಎಲ್ಲಿ ಹೋಯಿತು ಎಂದು ಭೂತಾಯಿಯನ್ನೇ ಕೇಳಿತು.

"ಉಣ್ಣಾಕೆ ನಿಂಗೆ ಯಾರೇ ಇಕ್ಕಿದ್ದು?" ಎಂದು ಮುದ್ದವ್ವ ಅದರ ಮೇಲೆ ಹಾರಿದಳು.

ಬಾಗಿಲ ಕಂಬ ಹಿಡಿದು ನಿಂತಿದ್ದ ಹೊನ್ನಿ ಆಗ ಬಾಯಿ ಬಿಟ್ಟಳು. "ನೀನೇ ಕಣವ್ವಾ. ದಿನಾ ಬೆಳಿಗ್ಗೆ ಅಕ್ಕಚ್ಚು ಹುಯ್ಯೋಳು ನೀನೇ. ಎಬ್ಬುಸ್ತೀಯ, ಮತ್ತೆ ಇಕ್ತೀಯ. ಅದಾದ್ರೂ ಏನ್ ಮಾಡಾದು?"

ಮುದ್ದವ್ವನ ಕೈಯಲ್ಲಿದ್ದ ಕರಟ ಕೈಯಲ್ಲೇ ಉಳಿಯಿತು. ಲೋಕವನ್ನೆಲ್ಲ ಬೈದವಳಿಗೆ ಈಗ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ. ಮಗಳು ಬಿದ್ದದ್ದು ತನ್ನ ಕೈಯಿಂದಲೇ ಎಂಬುದು ಈಗ ಹೊಳೆಯಿತು. ಆದರೂ ಸೋಲು ಒಪ್ಪುವ ಜಾತಿ ಅವಳದಲ್ಲ.

"ಆಗ್ಲಿ, ಇಕ್ಕಿದ್ದು ನಾನೇ," ಅಂದಳು. "ನನ್ ಕೂಸು ಏನ್ ಮಾಡಿತ್ತು? ಅದಕ್ಕೇನ್ ನ್ಯಾಯ ಹೇಳು."

ಭೂತಾಯಿ ಪಾಚಿಯನ್ನೂ ಹೊನ್ನಿಯ ಹೊಟ್ಟೆಯನ್ನೂ ನೋಡಿದಳು. ಆಮೇಲೆ ಹೇಳಿದಳು. ಉಣ್ಣುವಾಗ ಹೊಡೆಸಿಕೊಂಡ ಪಾಚಿಯನ್ನು ಇನ್ನು ಯಾರೂ ಎಲೆ ಮುಂದಿನಿಂದ ಎಬ್ಬಿಸಲಾರರು. ನೀನು ಒಗೆದ ಕಡೆಯೆಲ್ಲ ಅದಕ್ಕೆ ಜಾಗವಾಯಿತು. ಆದರೆ ಸೂರ್ಯನ ಕಣ್ಣು ಬಿದ್ದಲ್ಲಿ ಅದು ಉಪವಾಸ ಇರಬೇಕು, ಉಪವಾಸವಿರುವಾಗ ಯಾರನ್ನೂ ಬೀಳಿಸಬಾರದು. ಉಣ್ಣುವಾಗ ದೂರಕ್ಕೂ ಕಾಣುವಂತೆ ಹಸಿರು ಉಟ್ಟಿರಬೇಕು. ಅಷ್ಟಾದ ಮೇಲೂ ನೋಡದೆ ಉಣ್ಣುವವರ ಎಲೆ ತುಳಿದವರು ಜಾರಿ ಬೀಳುತ್ತಾರೆ, ಅದಕ್ಕೆ ನನ್ನ ಹತ್ತಿರ ದೂರು ತರಬಾರದು. ಇಷ್ಟು ಹೇಳಿ ಅವಳು ಮತ್ತೆ ಮಲಗಿದಳು.

ಮುದ್ದವ್ವ ಅವತ್ತೇ ಅಕ್ಕಚ್ಚು ಸುರಿಯುವುದನ್ನು ನಿಲ್ಲಿಸಿ ಬಾನಿಯಲ್ಲಿ ತುಂಬಿಟ್ಟಳು. ವಾಸನೆ ಹಿಡಿದು ಹಸು ಕಾಡಿನಿಂದ ಇಳಿದು ಬಂತು, ಬಂದದ್ದು ಮತ್ತೆ ಹೋಗಲಿಲ್ಲ. ಆಮೇಲೆ ಕುಡುಗೋಲು ಹಿಡಿದು ಹೊಂಗೆ ಹತ್ತಿದಳು. ತಾನೇ ನೀರೆರೆದು ಬೆಳೆಸಿದ ಮರದ ಕೊಂಬೆಗಳನ್ನು ಅಳುತ್ತಾ ಬೈಯುತ್ತಾ ಕಡಿದಳು. ಹೊಂಗೆಯೂ ಅವಳನ್ನು ಚೆನ್ನಾಗಿ ಬೈದಿತು, ಅವಳು ಎದುರು ಮಾತಾಡದೆ ಕೇಳಿಸಿಕೊಂಡಳು. ಹಾದಿಗೆ ಬಿಸಿಲು ಬಿತ್ತು. ಪಾಚಿ ಒಣಗಿ, ಕರ್ರಗಾಗಿ, ಕಲ್ಲಿಗೆ ಅಂಟಿಕೊಂಡು ಮಾತಿಲ್ಲದೆ ಕೂತಿತು. ಆ ಬೇಸಿಗೆಯಲ್ಲಿ ಹೊನ್ನಿ ಹೆತ್ತಳು, ಹೆಣ್ಣು ಮಗು. ಅದು ಹುಟ್ಟಿದಾಗ ಕಿರುಚಿದ್ದು ಕೇಳಿ, ಇದು ಅಜ್ಜಿಯದೇ ಬಾಯಿ ಎಂದು ಸೂರ್ಯನಿಗೂ ಗಾಬರಿಯಾಯಿತಂತೆ.

ಬಾಣಂತಿ ಮಗುವನ್ನೆತ್ತಿಕೊಂಡು ಮೊದಲ ಸಲ ನೀರಿನ ಹತ್ತಿರ ಹೋಗಿ ಗಂಗೆಪೂಜೆ ಮಾಡುವ ದಿನ ಬಂತು. ಅದರ ಹಿಂದಿನ ಸಂಜೆಯೇ ವರ್ಷದ ಮೊದಲ ಮಳೆ ಹುಯ್ದಿತ್ತು. ಮುದ್ದವ್ವ ಬಾಗಿಲು ತೆರೆದು ನೋಡಿದರೆ, ಸತ್ತಿತೆಂದುಕೊಂಡದ್ದು ಹಾದಿಯ ತುಂಬ ಹಸಿರು ಉಟ್ಟು ಉಣ್ಣುತ್ತಾ ಕೂತಿದೆ. ಬಡಿಸುವ ಕೆಲಸ ಈಗ ಮಳೆ ಹಿಡಿದಿತ್ತು.

ಅವಳಿಗೆ ಉರಿದು ಹೋಯಿತು. ಕೈ ಕರಟ ಹುಡುಕಿತು. ಹಿಂದೆ ಮಗಳು, ಮಗಳ ತೋಳಿನಲ್ಲಿ ಮಗು. ಮುದ್ದವ್ವ ಸೀರೆ ಮೇಲಕ್ಕೆ ಕಟ್ಟಿ, ಬೆನ್ನು ಬಗ್ಗಿಸಿ ಮುಂದೆ ನಡೆದಳು. ಹೆಬ್ಬೆರಳು ಊರಿ ಒಂದೊಂದು ಕಲ್ಲನ್ನೂ ಮುಟ್ಟಿ ನೋಡಿದಳು. ಇಲ್ಲಿಡು, ಅಲ್ಲಿ ಬೇಡ, ಅಲ್ಲಿ ಅದು ಉಣ್ತಾ ಇದೆ, ಎಂದು ಮಗಳಿಗೆ ಹೇಳುತ್ತಾ ಹೋದಳು. ದಾರಿಯುದ್ದಕ್ಕೂ ಪಾಚಿಗೆ ಅವಳು ಕೊಟ್ಟ ಬೈಗುಳ ಇಲ್ಲಿ ಹೇಳುವಂಥದ್ದಲ್ಲ. ಆದರೆ ಒಂದು ಕಡೆಯೂ ಅದರ ಎಲೆ ತುಳಿಯಲಿಲ್ಲ. ಮಗು ಒಂದಿಷ್ಟೂ ಕುಲುಕದೆ ಒರತೆ ಮುಟ್ಟಿತು.

ಅದಕ್ಕೇ ನೋಡಿ, ಬೇಸಿಗೆಯಲ್ಲಿ ಕಲ್ಲಿನ ಮೇಲೆ ಕರ್ರಗೆ ಒಣಗಿ ಕೂತ ಪಾಚಿ ಇವತ್ತಿಗೂ ಮೊದಲ ಮಳೆಗೇ ಹಸಿರಾಗಿ ಉಣ್ಣತೊಡಗುತ್ತದೆ. ಸಿಟ್ಟಿನಿಂದ ದಡದಡ ನಡೆದವರು ಅದರ ಮೇಲೆ ಜಾರಿ ಬೀಳುತ್ತಾರೆ, ಮಗು ಎತ್ತಿಕೊಂಡ ಹೆಂಗಸರು ಮಾತ್ರ ಅದನ್ನು ಬೈದುಕೊಂಡೇ ಹೆಬ್ಬೆರಳು ಊರಿ ದಾಟಿ ಹೋಗುತ್ತಾರೆ.